ತಲೆ ಎಣಿಸದ ಹಬ್ಬಕ್ಕೆ ಹಾಲ್ ಕೊಟ್ಟದ್ದು

ಹಾಲ್ ಬಾಡಿಗೆಗೆ ಕೊಡುವ ಕೆಲಸಕ್ಕೆ ಇಳಿಯಬೇಕೆಂದಿರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವ ಪ್ರಶ್ನೆ, "ಆಂಟಿ, ಇದರಲ್ಲಿ ಮುಂದೆ ಬರೋಕೆ ಯಾವ ಕೋರ್ಸ್ ಮಾಡಬೇಕು?" ಎಂಬುದು. ಯಾವುದೂ ಬೇಡ. ಎದುರಿಗೆ ಕೂತವರು ಬಾಯಿಬಿಟ್ಟು ಕೇಳುವುದು ಒಂದು, ಅವರಿಗೆ ನಿಜವಾಗಿ ಬೇಕಾಗಿರುವುದು ಇನ್ನೊಂದು. ಎರಡನ್ನೂ ಬಿಡಿಸಿ ನೋಡಲು ಬಂದರೆ ಸಾಕು, ಮಿಕ್ಕದ್ದು ಕುರ್ಚಿ ಜೋಡಿಸುವ ಕೆಲಸ. ನಾನು ಯಾವಾಗ ಅಸಿಸ್ಟೆಂಟ್ ಆದೆ, ಯಾವಾಗ ಮ್ಯಾನೇಜರ್ ಆದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ನಿಮಗೆ ಏನೂ ಉಪಯೋಗವಿಲ್ಲ. ಮಲಯ್ ಹುಡುಗರ ಕ್ಲಬ್ಬಿನ ಕಥೆ ಬರೆಯುತ್ತೇನೆ. ನಾನು ಈ ಕೆಲಸದಲ್ಲಿ ಕಲಿತದ್ದರ ಮುಕ್ಕಾಲು ಪಾಲು ಅದರೊಳಗೇ ಇದೆ.

ನಮ್ಮಪ್ಪ ಮೈಸೂರಿನಲ್ಲಿ ಮದುವೆ ಮನೆಗಳಿಗೆ ಪಾತ್ರೆ, ಜಮಖಾನ, ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದರು. ಅಂಗಡಿಗೆ ಬಂದವರನ್ನು "ಎಷ್ಟು ಜನ?" ಎಂದು ಅವರು ಕೇಳಿದ್ದೇ ಇಲ್ಲ. "ಎಷ್ಟು ಅಕ್ಕಿ?" ಎಂದು ಕೇಳುತ್ತಿದ್ದರು. ಅಕ್ಕಿ ಹೇಳಿದರೆ ಕೊಳದಪ್ಪಲೆ ಎಷ್ಟು, ಬಕೆಟ್ ಎಷ್ಟು, ಸೌಟು ಎಷ್ಟು ಎಂದು ತಾವೇ ಎತ್ತಿಡುತ್ತಿದ್ದರು. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ ರಾಕ್‌ವಿಲ್‌ನ ಒಂದು ಹೋಟೆಲಿನಲ್ಲಿ ನ್ಯಾಪ್ಕಿನ್ ಮಡಚುವ ಕೆಲಸಕ್ಕೆ ಸೇರಿದೆ. ಅಲ್ಲಿ ಎಲ್ಲವೂ ತಲೆಯೆಣಿಕೆಯ ಮೇಲೆ. ಎಷ್ಟು ತಲೆಯೋ ಅಷ್ಟು ಕುರ್ಚಿ, ಅಷ್ಟು ತಟ್ಟೆ, ಅಷ್ಟು ಚಿಕನ್ ತುಂಡು. ಯಜಮಾನರು ಶಿವಣ್ಣನವರಿಗೆ ನಾರ್ತ್ ಕ್ಯಾರೊಲೈನಾದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿ ನಾವು ಕ್ಯಾರಿ ಎಂಬ ಊರಿಗೆ ಬಂದಾಗ, ಟೈರ್ ಅಂಗಡಿಗೂ ಹಲ್ಲಿನ ಡಾಕ್ಟರರಿಗೂ ನಡುವೆ ಇದ್ದ ಹಾಲೊಂದರ ಬುಕಿಂಗ್ ನನ್ನ ಪಾಲಿಗೆ ಬಂತು. ಮಾಲೀಕ ವೆಂಡೆಲ್ ಆಜಾನುಬಾಹು. ಕೈಯಲ್ಲಿ ಸದಾ ಒಂದು ಕ್ಲಿಕ್ಕರ್, ತಲೆ ಎಣಿಸುವ ಪುಟ್ಟ ಯಂತ್ರ. ಒಳಗೆ ಬರುವ ಒಬ್ಬೊಬ್ಬರಿಗೂ ಅದನ್ನು ಒತ್ತುತ್ತಿದ್ದ. "ನಂಬರ್ ಇಲ್ಲದಿದ್ರೆ ಕಾಂಟ್ರಾಕ್ಟ್ ಇಲ್ಲ" ಎನ್ನುವುದು ಅವನ ಗಾಯತ್ರಿ ಮಂತ್ರ.

ತೊಂಬತ್ತರ ದಶಕದ ನಡುವೆ ಒಂದು ಚಳಿಗಾಲದಲ್ಲಿ ರೊಹಾನಾ ಬಂದಳು. ತಲೆಗೆ ಸ್ಕಾರ್ಫ್, ಮೈಗೆ ಅವಳಿಗಿಂತ ದೊಡ್ಡದಾದ ಜಾಕೆಟ್, ಕುರ್ಚಿಯ ಅಂಚಿನಲ್ಲಿ ಕೂತ ರೀತಿಯಲ್ಲೇ ಒಳ್ಳೆಯ ಮನೆಯ ಹುಡುಗಿ ಎಂದು ಗೊತ್ತಾಗುತ್ತಿತ್ತು. ಪಕ್ಕದ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು, ಆಗ್ನೇಯ ಏಷ್ಯಾದಿಂದ ಅಲ್ಲಿಗೆ ಬಂದ ಮಲಯ್ ವಿದ್ಯಾರ್ಥಿಗಳ ಕ್ಲಬ್ಬಿಗೆ ಅಧ್ಯಕ್ಷೆ. ಉಪವಾಸದ ತಿಂಗಳು ಮುಗಿದ ಮೇಲೆ ಅವರ ಕಡೆ ಪ್ರತಿ ಮನೆಯವರೂ ಒಂದು ದಿನ ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ಊಟ ಹಾಕುತ್ತಾರಂತೆ. ಇಲ್ಲಿ ಮನೆಯಿಲ್ಲ, ಹಾಸ್ಟೆಲ್ ಕೋಣೆ. ಅದಕ್ಕೇ ಹಾಲ್ ಬೇಕಿತ್ತು.

"ಎಷ್ಟು ಜನ ಬರ್ತಾರಮ್ಮ?" ಎಂದೆ. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಮಾತ್ರ ನನ್ನ ಭಾಷೆಯಲ್ಲೇ.

"ಗೊತ್ತಿಲ್ಲ, ಮಕ್‌ಚಿಕ್." ಅವರ ಭಾಷೆಯಲ್ಲಿ ಚಿಕ್ಕಮ್ಮ ಎಂದರ್ಥ. ಮೊದಲ ದಿನವೇ ನನ್ನನ್ನು ಹಾಗೆ ಕರೆದಳು.

"ಒಂದು ಅಂದಾಜು ಹೇಳು."

"ಹೇಗೆ ಹೇಳೋದು? ಬರ್ತೀರಾ ಇಲ್ವಾ ಅಂತ ಕೇಳೋದು ನಮ್ಮಲ್ಲಿ ತುಂಬಾ ಕೆಟ್ಟದ್ದು. ಕೇಳಿದ್ರೆ ಬರಬೇಡಿ ಅಂದ ಹಾಗೆ."

ಒಳಗಿಂದ ವೆಂಡೆಲ್ ಕೂಗಿದ: "ಜಯಾ, ನಂಬರ್!"

ಆ ಹುಡುಗಿ ಹೆದರಿಕೊಂಡು ಏನೋ ಒಂದು ನಂಬರ್ ಹೇಳಿದಳು. ಹಬ್ಬದ ದಿನ ವೆಂಡೆಲ್ ಬಾಗಿಲಲ್ಲಿ ಕ್ಲಿಕ್ಕರ್ ಹಿಡಿದು ನಿಂತ. ಕ್ಲಬ್ಬಿನವರು ಬಂದರು, ಅವರ ಪ್ರೊಫೆಸರುಗಳು, ರೂಮ್‌ಮೇಟುಗಳು, ಕ್ಯಾಂಪಸ್ ಬಸ್ಸಿನ ಡ್ರೈವರ್, ಲಾಂಡ್ರಿಯಲ್ಲಿ ಪರಿಚಯವಾದ ಮುದುಕಿ, ಅವಳ ಮೊಮ್ಮಕ್ಕಳು. ನಂಬರ್ ತುಂಬಿತು. ವೆಂಡೆಲ್ ಬಾಗಿಲು ಹಾಕಿಯೇ ಬಿಟ್ಟ. ರೊಹಾನಾ ತನ್ನ ತಟ್ಟೆ ಎತ್ತಿಕೊಂಡು, ಅಡ್ಡ ಬಾಗಿಲಿನಿಂದ ಹೊರಗೆ ಹೋಗಿ ಚಳಿಯಲ್ಲಿ ನಿಂತವರ ಜೊತೆ ಸೇರಿಕೊಂಡಳು. ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬಳು. ಸ್ವಲ್ಪ ಹೊತ್ತಿಗೆ ಪಾತ್ರೆಗಳೂ ಹೊರಟವು. ಒಳಗೆ ಬಿಳಿ ಬಟ್ಟೆ ಹಾಸಿದ ಮೇಜುಗಳು ಬಿಕೋ ಎನ್ನುತ್ತಿದ್ದವು, ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಹಬ್ಬ ನಡೆಯುತ್ತಿತ್ತು.

"ಬಾಡಿಗೆ ಕೊಟ್ಟವರೇ ಹೊರಗೆ ನಿಂತಿದ್ದಾರಲ್ಲ!" ಎಂದು ವೆಂಡೆಲ್ ತಲೆ ಕೆರೆದುಕೊಂಡ.

"ನೀನು ಬಾಡಿಗೆಗೆ ಕೊಟ್ಟದ್ದು ಕುರ್ಚಿ. ಅವರಿಗೆ ಬೇಕಾಗಿದ್ದದ್ದು ಬಾಗಿಲು" ಎಂದೆ.

ಮರುದಿನವೇ ಅವನನ್ನು ಕೂರಿಸಿಕೊಂಡು ಚೌಕಾಸಿಗೆ ಇಳಿದೆ. ಚೌಕಾಸಿ ಎಂದರೆ ರೇಟು ಇಳಿಸುವುದು ಎಂದು ನೀವು ತಿಳಿದುಕೊಂಡಿದ್ದರೆ ಈ ಕೆಲಸಕ್ಕೆ ಬರಬೇಡಿ. ಎದುರಿನವನ ಭಯ ಯಾವುದು ಎಂದು ಮೊದಲು ಪತ್ತೆ ಮಾಡಬೇಕು. ವೆಂಡೆಲ್‌ಗೆ ಇದ್ದದ್ದು ಒಂದೇ ಭಯ, ಫೈರ್ ಇಲಾಖೆಯವರದು. "ಅವರ ಲೆಕ್ಕ ಒಂದು ಹೊತ್ತಿಗೆ ಒಳಗೆ ಎಷ್ಟು ಜನ ಅನ್ನೋದು. ಇಡೀ ದಿನಕ್ಕೆ ಎಷ್ಟು ಜನ ಅಂತ ಅವರು ಯಾವತ್ತಾದ್ರೂ ಕೇಳಿದ್ದಾರಾ?" ಎಂದೆ. ಕೇಳಿರಲಿಲ್ಲ. ಮಲಯ್ ಹಬ್ಬದಲ್ಲಿ ಯಾರೂ ಒಟ್ಟಿಗೆ ಕೂತು ಒಟ್ಟಿಗೆ ಏಳುವುದಿಲ್ಲ. ಬರುತ್ತಾರೆ, ಉಣ್ಣುತ್ತಾರೆ, ಹೊರಡುತ್ತಾರೆ. ಆದ್ದರಿಂದ ಗಂಟೆಗೆ ಇಷ್ಟು, ಪಾತ್ರೆಗೆ ಇಷ್ಟು ಎಂದು ಹೊಸ ಕರಾರು ಮಾಡಿದೆ. ತಲೆಯ ಮಾತೇ ಇಲ್ಲ. ಆಮೇಲೆ ಈ ಪದ್ಧತಿಯನ್ನು ಸತ್ಯನಾರಾಯಣ ಪೂಜೆಗೂ ಚರ್ಚಿನವರ ಸಪ್ಪರ್‌ಗೂ ಹಾಕಿದೆವು. ಮೈಸೂರಿನ ಪಾತ್ರೆ ಅಂಗಡಿಯ ಲೆಕ್ಕವನ್ನು ಅಮೆರಿಕನ್ನರಿಗೆ ಮಾರಿದೆ ಎಂದು ಶಿವಣ್ಣ ಇವತ್ತಿಗೂ ನಗುತ್ತಾರೆ.

ಮರುವರ್ಷದ ಹಬ್ಬ ಹೂವೆತ್ತಿದಂತೆ ನಡೆಯಿತು. ಆಗ ಅವರ ಇನ್ನೆರಡು ಪದ್ಧತಿಗಳು ಕಣ್ಣಿಗೆ ಬಿದ್ದವು. ಒಂದು, ಅವರು ಅಡುಗೆಯವರನ್ನು ಕರೆಸುವುದಿಲ್ಲ. ಎಲ್ಲರೂ ಸೇರಿ ಹೆಚ್ಚಿ, ರುಬ್ಬಿ, ಕಲಕಿ ಮಾಡಬೇಕು; ಅದಕ್ಕೆ ರೆವಾಂಗ್ ಎನ್ನುತ್ತಾರೆ. ಅಡುಗೆಗೆ ಮುಂದಾಳು ಹಾಫಿಜ್ ಎಂಬ ಎಂಜಿನಿಯರಿಂಗ್ ಹುಡುಗ, ಬಾಯಿಬಡುಕ. "ದುಡ್ಡು ಕೊಟ್ಟು ಮಾಡಿಸಿದ್ರೆ ಅದು ಪಾರ್ಟಿ ಮಕ್‌ಚಿಕ್. ಕೈ ಸುಟ್ಕೊಂಡ್ರೆ ಮಾತ್ರ ಹಬ್ಬ" ಎಂದು ಬೊಬ್ಬೆ ಎದ್ದ ಬೆರಳು ತೋರಿಸಿದ. ಇನ್ನೊಂದು, ಬಂದವರು ಹೊರಡುವಾಗ ಬರಿಗೈಯಲ್ಲಿ ಕಳಿಸುವುದಿಲ್ಲ. ಬುಂಕುಸ್ ಎಂದು ಪೊಟ್ಟಣ ಕಟ್ಟಿ ಕೈಗಿಡುತ್ತಾರೆ. ಊಟ ಹೊರಗೆ ಹೋದರೆ, ಯಾರಿಗಾದರೂ ಹೊಟ್ಟೆ ಕೆಟ್ಟರೆ ಎಂದು ವೆಂಡೆಲ್ ಕೂಗಾಡಿದ. ಹಾಫಿಜ್ ಅವನ ಕೈಗೂ ಒಂದು ಇಟ್ಟ. ಸೋಮವಾರ ಬೆಳಿಗ್ಗೆ ವೆಂಡೆಲ್ ನನ್ನ ಮೇಜಿನ ಹತ್ತಿರ ಸುಳಿದಾಡಿ, "ಆ ತೆಂಗಿನಕಾಯಿ ಹಾಕಿದ ಮಾಂಸಕ್ಕೆ ಏನಂತಾರೆ?" ಎಂದ. ರೆಂದಾಂಗ್ ಎಂದೆ. ಆಮೇಲೆ ಪೊಟ್ಟಣದ ವಿಷಯ ಎತ್ತಲಿಲ್ಲ.

ಇನ್ನು ಮೂರನೆಯ ವರ್ಷ. ಅವರ ದೇಶದ ಹಣದ ಬೆಲೆ ದಿಢೀರನೆ ಬಿದ್ದುಹೋದ ಚಳಿಗಾಲ ಅದು. ಸರ್ಕಾರದ ಖರ್ಚಿನಲ್ಲಿ ಓದುತ್ತಿದ್ದವರಲ್ಲಿ ಅನೇಕರನ್ನು ವಾಪಸ್ ಕರೆಸಿಕೊಂಡರು. ಕ್ಲಬ್ಬಿನಲ್ಲಿ ಒಂದು ಊಟದ ಮೇಜಿನ ಸುತ್ತ ಹಿಡಿಸುವಷ್ಟು ಜನ ಉಳಿದರು. ರೊಹಾನಾ ಬಂದು ನನ್ನ ಮೇಜಿನ ಮೇಲೆ ಕರವಸ್ತ್ರದ ಗಂಟೊಂದನ್ನು ಇಟ್ಟಳು. ಬಿಚ್ಚಿದರೆ ಒಂದು ಬೀಗದ ಕೈ.

"ಕ್ಲಬ್ ರೂಮಿನದು. ಇದನ್ನ ವಾಪಸ್ ಕೊಡಬೇಕಂತೆ."

ವಿದ್ಯಾರ್ಥಿ ಸಂಘಗಳನ್ನು ನೋಡಿಕೊಳ್ಳುವ ಎಲೆನ್ ಎಂಬಾಕೆ ಹೇಳಿದ್ದು ಇಷ್ಟು: ನೀವೀಗ ಕೆಲವೇ ಜನ, ಏಷ್ಯಾದವರ ದೊಡ್ಡ ಕ್ಲಬ್ಬಿನಲ್ಲಿ ಸೇರಿಕೊಳ್ಳಿ. ಬೇಡವೆಂದರೆ ಜನವರಿ ಮುಗಿಯುವುದರೊಳಗೆ ಹೊರಗಿನವರೂ ಬರುವಂಥ ಒಂದು ಕಾರ್ಯಕ್ರಮ ಮಾಡಿ ತೋರಿಸಿ, ನಾನೇ ಬಂದು ನೋಡುತ್ತೇನೆ. ನೀವು ನೀವೇ ಕೂತು ಉಣ್ಣುತ್ತಿದ್ದರೆ ಅಲ್ಲೇ ಬೀಗದ ಕೈ ತೆಗೆದುಕೊಂಡು ಹೋಗುತ್ತೇನೆ.

"ಸೇರ್ಕೊಂಡ್ರೆ ಏನಮ್ಮ ಕಷ್ಟ? ದೊಡ್ಡ ರೂಮು ಸಿಗುತ್ತೆ" ಎಂದೆ. ನನ್ನ ವ್ಯಾಪಾರದ ಬುದ್ಧಿ.

ರೊಹಾನಾ ನನ್ನನ್ನೇ ನೋಡಿದಳು. "ಮಕ್‌ಚಿಕ್, ನಿಮ್ಮ ಕನ್ನಡ ಸಂಘದ ಬೋರ್ಡ್ ತೆಗೆದು ಇಂಡಿಯನ್ಸ್ ಅಂತ ಹಾಕಿದ್ರೆ ನಿಮಗೆ ಪರವಾಗಿಲ್ವಾ? ನಮ್ಮ ಹುಡುಗರು ಇಡೀ ವಾರ ಇಂಗ್ಲಿಷಲ್ಲಿ ಮಾತಾಡ್ತಾರೆ, ಇಂಗ್ಲಿಷಲ್ಲಿ ಪರೀಕ್ಷೆ ಬರೀತಾರೆ. ಶುಕ್ರವಾರ ಸಾಯಂಕಾಲ ಆ ರೂಮಿಗೆ ಬಂದು ನಮ್ಮ ಭಾಷೆಯಲ್ಲಿ ಜಗಳ ಆಡ್ತಾರೆ. ದೊಡ್ಡ ರೂಮಲ್ಲಿ ಹಾಗೆ ಜಗಳ ಆಡೋಕಾಗಲ್ಲ."

ನಾನು ಬೀಗದ ಕೈಯನ್ನು ಕರವಸ್ತ್ರದಲ್ಲಿ ಮತ್ತೆ ಗಂಟು ಕಟ್ಟಿ ಅವಳ ಕೈಗೆ ಕೊಟ್ಟೆ. "ಇಟ್ಕೋ" ಎಂದೆ.

ಹಬ್ಬ ಬಿದ್ದದ್ದೇ ಜನವರಿಯ ಕೊನೆಗೆ. ಅದರ ಮರುದಿನದ ಶನಿವಾರ ಬಿಟ್ಟರೆ ತಿಂಗಳಲ್ಲಿ ದಿನವೇ ಇಲ್ಲ. ಆ ಶನಿವಾರ ಸಾಯಂಕಾಲ ನಮ್ಮ ಕನ್ನಡ ಸಂಘದ ಸಂಕ್ರಾಂತಿ. ಊರಿನಲ್ಲಿ ಸೂರ್ಯ ತಿರುಗಿದ ದಿನ ಸಂಕ್ರಾಂತಿ, ಇಲ್ಲಿ ಹಾಲ್ ಸಿಕ್ಕಿದ ದಿನ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಲಯ್ ಹಬ್ಬ, ಸಾಯಂಕಾಲ ಸಂಕ್ರಾಂತಿ ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಸಂಘದ ಅಧ್ಯಕ್ಷ ಡಾಕ್ಟರ್ ಪ್ರಭಾಕರ್ ಅವರ ಮನೆಗೆ ಹೋದೆ. ಅವರು ನಮಗಿಂತ ಬಹಳ ಮುಂಚೆ ಬಂದು ನೆಲೆ ನಿಂತ ಹೃದ್ರೋಗ ತಜ್ಞರು, ನಾಲ್ಕು ಜನ ಒಪ್ಪುವಂಥವರು.

"ಅದೇ ಕಿಚನ್ನಲ್ಲಿ ಬೆಳಿಗ್ಗೆ ಮಾಂಸ ಬೇಯಿಸಿ ಸಾಯಂಕಾಲ ನಾವು ಬಿಸಿಬೇಳೆಬಾತ್ ಬಿಸಿ ಮಾಡೋದಾ? ನಮ್ಮ ಲೇಡೀಸ್ ನನ್ನ ಸುಮ್ನೆ ಬಿಡ್ತಾರಾ ಜಯಮ್ಮ?"

"ಮಾಂಸ ಒಳಗೆ ಬರಲ್ಲ ಡಾಕ್ಟ್ರೇ. ಅವರ ಊರಲ್ಲೂ ಅದನ್ನ ಅಂಗಳದಲ್ಲೇ ಬೇಯಿಸೋದು. ಹಿಂದಿನ ಪಾರ್ಕಿಂಗ್ ಲಾಟ್‌ನಲ್ಲಿ ಒಲೆ ಹೂಡ್ತಾರೆ, ಬಡಿಸೋದೂ ಲಾಬೀಲಿ. ಕಿಚನ್ ಪೂರ್ತಿ ನಿಮ್ಮದು."

"ಬೇಡ ಬಿಡಿ, ಸುಮ್ನೆ ತಲೆನೋವು."

"ಹೋದ ವರ್ಷ ಕುರ್ಚಿ ಜೋಡಿಸಿದ್ದು ಯಾರು?"

ಡಾಕ್ಟರರ ಮುಖ ಸಣ್ಣದಾಯಿತು. "ನಾನೇ. ವಾಲಂಟಿಯರ್ಸ್ ಎಲ್ಲ ಫೋಟೋ ತೆಗೆಸ್ಕೊಳೋ ಹೊತ್ತಿಗೆ ಬಂದ್ರು. ಸೊಂಟ ಒಂದು ವಾರ ಹಿಡ್ಕೊಂಡಿತ್ತು."

"ಈ ವರ್ಷ ಆ ಹುಡುಗರು ಜೋಡಿಸ್ತಾರೆ."

ಅವರು ಕಾಫಿ ಕುಡಿದರು. ಲೋಟ ಕೆಳಗಿಟ್ಟರು. "ಮಡಚೋದೂ ಅವರೇನಾ?"

"ಮಡಚೋದೂ ಅವರೇ."

"ಸರಿ ಹಾಗಾದ್ರೆ. ಒಂದು ಕೆಲಸ ಮಾಡಿ, ನಮ್ಮ ಬ್ಯಾನರ್ ಕೆಳಗೇ ಮಾಡ್ಲಿ. ಒಂದು ಗೆಸ್ಟ್ ಐಟಮ್ ಅಂತ ಹಾಕೋಣ, ಚೆನ್ನಾಗಿರುತ್ತೆ."

"ಡಾಕ್ಟ್ರೇ, ಇಂಡಿಯಾ ಡೇ ದಿನ ನಮಗೆ ಎರಡು ಹಿಂದಿ ಡ್ಯಾನ್ಸ್ ನಡುವೆ, ಮೈಕ್ ಸರಿ ಮಾಡೋ ಹೊತ್ತಲ್ಲಿ ಒಂದು ಕನ್ನಡ ಐಟಮ್ ಕೊಟ್ರಲ್ಲ, ಆವತ್ತು ಎದ್ದು ಹೊರಗೆ ಹೋದವರು ಯಾರು?"

ಅವರ ಹೆಂಡತಿ ಅಡುಗೆ ಮನೆಯಿಂದಲೇ ಹೇಳಿದರು: "ಇವರೇ! ಕಾರಲ್ಲಿ ಕೂತು ಹಾರ್ನ್ ಹೊಡೀತಾ ಇದ್ರು, ನಾನಿನ್ನೂ ಸ್ಟೇಜ್ ಮೇಲಿದ್ದೆ."

ಡಾಕ್ಟರ್ ಕೈ ಎತ್ತಿಬಿಟ್ಟರು. ಬಾಗಿಲ ಆಚೆ ಈಚೆ ಎರಡು ಬೋರ್ಡ್, ಅವರವರ ಹೆಸರು ಅವರವರಿಗೆ ಎಂದು ತೀರ್ಮಾನವಾಯಿತು. ನೋಡಿ, ಒಂದು ಡಾಲರ್ ಕೈ ಬದಲಾಗಲಿಲ್ಲ. ಅವರ ಸೊಂಟ, ಇವರ ಹೆಸರು, ಎರಡೂ ಉಳಿದವು. ಏಳುವ ಮುಂಚೆ ರೊಹಾನಾಳ ಪರವಾಗಿ ನಾನೂ ಒಂದು ಮಾತು ಒಪ್ಪಿಕೊಂಡೆ: ಕಡಲೆಕಾಯಿ ಗೊಜ್ಜಿಗೆ ಅವರು ಸಿಗಡಿ ಅರೆದು ಹಾಕುತ್ತಾರೆ, ನಮ್ಮವರಿಗೆಂದು ಒಂದು ಪಾತ್ರೆ ಅದಿಲ್ಲದೆ ನಮ್ಮ ಕಿಚನ್ನಿನಲ್ಲೇ ಆಗಬೇಕು.

ಶುಕ್ರವಾರ ಟೀವಿಯಲ್ಲಿ ಐಸ್ ಬಿದ್ದು ರಸ್ತೆಗಳೆಲ್ಲ ಜಾರುತ್ತವೆ ಎಂಬ ಸುದ್ದಿ ಬಂತು. ಕ್ಯಾರೊಲೈನಾದಲ್ಲಿ ಐಸ್ ಎಂದರೆ ಅಂಗಡಿಗಳಲ್ಲಿ ಬ್ರೆಡ್ಡೂ ಹಾಲೂ ಮಾಯ. ವೆಂಡೆಲ್ ಫೋನ್ ಮಾಡಿದ. "ಎರಡೂ ಕ್ಯಾನ್ಸಲ್ ಮಾಡು."

"ಐಸ್ ಯಾವಾಗ?"

"ಶನಿವಾರ ಸಂಜೆ."

"ಹಾಗಾದ್ರೆ ಮಧ್ಯಾಹ್ನಕ್ಕೆ ಏನಾಗಿದೆ?"

ಸಂಕ್ರಾಂತಿಯನ್ನು ಹನ್ನೆರಡಕ್ಕೆ ಎಳೆದೆ. ಆಗ ಈಮೇಲ್ ನೋಡುವವರು ಬೆರಳೆಣಿಕೆ. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಎಂದು ಹೆಂಗಸರ ಫೋನ್ ಸರಪಳಿಯಲ್ಲಿ ರಾತ್ರಿ ಊಟದೊಳಗೆ ಊರಿಗೆಲ್ಲ ಮುಟ್ಟಿತು. ನನ್ನ ಲೆಕ್ಕ ಸರಳವಾಗಿತ್ತು. ಹನ್ನೆರಡು ಎಂದರೆ ನಮ್ಮವರು ಎರಡಕ್ಕೆ ಬರುತ್ತಾರೆ, ಅಷ್ಟು ಹೊತ್ತಿಗೆ ಮಲಯ್ ಹಬ್ಬ ಇಳಿಮುಖವಾಗಿರುತ್ತದೆ.

ಈ ಕೆಲಸಕ್ಕೆ ಬರುವವರು ಇದನ್ನು ಬರೆದಿಟ್ಟುಕೊಳ್ಳಿ: ನಿಮ್ಮವರನ್ನು ನೀವು ಬಲ್ಲಿರೆಂದು ಲೆಕ್ಕ ಹಾಕಬೇಡಿ. ಐಸಿಗೆ ಹೆದರಿ ಅಷ್ಟೂ ಜನ ಹನ್ನೆರಡಕ್ಕೆ ಸರಿಯಾಗಿ ಬಂದು ನಿಂತರು. ಮೂವತ್ತು ವರ್ಷದಲ್ಲಿ ಕನ್ನಡಿಗರು ಹೇಳಿದ ಹೊತ್ತಿಗೆ ಬಂದದ್ದು ಅದೊಂದೇ ಸಲ. ಜರತಾರಿ ಸೀರೆಗಳು, ಎಳ್ಳು ಬೆಲ್ಲದ ಡಬ್ಬಗಳು, ಮಂಕಿ ಕ್ಯಾಪುಗಳು ಎಲ್ಲ ಲಾಬಿಯಲ್ಲಿ. ಅದೇ ಹೊತ್ತಿಗೆ, ಸಂಘದ ಅಡುಗೆ ಒಪ್ಪಿಸಿದ್ದ ಶಾರ್ಲೆಟ್ ಊರಿನಿಂದ ಫೋನ್. ಪಶ್ಚಿಮದ ಕಡೆ ಐಸ್ ಮುಂಚೆಯೇ ಬಿದ್ದಿದೆ, ಸಂಘದ ಊಟ ಹೊತ್ತ ವ್ಯಾನ್ ಅರ್ಧ ದಾರಿಯಿಂದ ತಿರುಗಿದೆ.

ಡಾಕ್ಟರ್ ಪ್ರಭಾಕರ್ ನನ್ನ ತೋಳು ಹಿಡಿದುಕೊಂಡರು. "ಜಯಮ್ಮ, ಇಷ್ಟು ಜನ, ಊಟ ಇಲ್ಲ. ಎಲ್ಲರನ್ನೂ ಮನೆಗೆ ಕಳಿಸಿಬಿಡೋಣ್ವಾ?"

ಕಳಿಸಿದ್ದರೆ, ಐಸಿನ ಭಯಕ್ಕೆ ಮಿಕ್ಕ ಅತಿಥಿಗಳೂ ಎದ್ದು ಕೂಡಲೇ ಹಾಲ್ ಖಾಲಿ. ಎಲೆನ್ ಬರುವ ಹೊತ್ತಿಗೆ ಒಂದು ಮೇಜು ಮಲಯ್ ಹುಡುಗರು ಮಾತ್ರ. ನಾನು ಉತ್ತರ ಹುಡುಕುತ್ತಿದ್ದಾಗಲೇ ರೊಹಾನಾ ಬಂದಳು. ವಿಷಯ ಕೇಳಿದಳು. ಅವಳಿಗೆ ಅದು ಸಮಸ್ಯೆ ಎಂದೇ ಅನಿಸಲಿಲ್ಲ.

"ಬಾಗಿಲು ತೆರೆದಿದೆಯಲ್ಲ, ಮಕ್‌ಚಿಕ್" ಎಂದಳು. ಡಾಕ್ಟರರ ಕೈಯನ್ನು ಎರಡೂ ಕೈಗಳಲ್ಲಿ ಮೆಲ್ಲಗೆ ಮುಟ್ಟಿ ತನ್ನ ಕೈಗಳನ್ನು ಎದೆಗೆ ತಂದುಕೊಂಡಳು. ಅವರ ನಮಸ್ಕಾರ ಹಾಗೆ. "ಒಳಗೆ ಬನ್ನಿ. ಇದು ನಮ್ಮ ಮನೆ."

ಗೊಜ್ಜಿನ ಒಂದು ಪಾತ್ರೆ ಅಷ್ಟು ಜನಕ್ಕೆ ಎಲ್ಲಿ ಸಾಲುತ್ತದೆ? ಅಕ್ಕಿ ಮೂಟೆಗಟ್ಟಲೆ ಅವರ ಬಳಿ ಇತ್ತು. ಡಾಕ್ಟರರ ಹೆಂಡತಿ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಿಚನ್ನಿಗೆ ನುಗ್ಗಿದರು. "ನಿಂಬೆಹಣ್ಣು ಇದ್ಯಾ? ಸಾಸಿವೆ? ಕಡಲೆಕಾಯಿ ಇದ್ದೇ ಇರುತ್ತೆ. ಚಿತ್ರಾನ್ನ ಕಲಸೋಣ, ಬನ್ರೇ!" ಮಲಯ್ ಹುಡುಗಿಯರು ಮೆಣಸಿನಕಾಯಿ ಸೀಳಿದರು, ನಮ್ಮವರು ಒಗ್ಗರಣೆ ಹಾಕಿದರು. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು, ಮನೆಯಲ್ಲಿ ತಟ್ಟೆ ಎತ್ತದವರು, ತೆಂಗಿನಕಾಯಿ ತುರಿಯಲು ಸರದಿಯಲ್ಲಿ ನಿಂತರು. ಹಾಫಿಜ್ ಹಿಂಬಾಗಿಲಿನಿಂದ ಇಣುಕಿ, "ಆಹಾ, ರೆವಾಂಗ್! ಆಂಟಿ, ನಿಮ್ಮ ಬೆರಳು ಸುಟ್ಟಿತಾ?" ಎಂದ.

"ಸುಟ್ಟಿತಪ್ಪ."

"ಹಾಗಾದ್ರೆ ಹಬ್ಬ ಪಾಸ್!"

ಮಲಯ್ ಮನೆಗೂ ಕನ್ನಡದ ಮನೆಗೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬಾಗಿಲ ಎರಡೂ ಬದಿ ಬೂಟು, ಚಪ್ಪಲಿ, ಷೂಗಳು ರಾಶಿ ಬಿದ್ದವು. ದಾರಿಗೆ ಅಡ್ಡ ಬರದ ಹಾಗೆ ವೆಂಡೆಲ್ ಅವನ್ನು ಕಾಲಿನಿಂದ ಒತ್ತರಿಸುತ್ತ, ಒಬ್ಬರು ಹೊರಗೆ ಬಂದರೆ ಒಬ್ಬರನ್ನು ಒಳಗೆ ಬಿಡುತ್ತಿದ್ದ. ನಡುವೆ ಯಾರೋ ಅವನ ಕೈಗೆ ತಟ್ಟೆ ಕೊಟ್ಟರು. ಕ್ಲಿಕ್ಕರ್ ಜೇಬಿಗೆ ಹೋಯಿತು.

ಎಲೆನ್ ಬಂದಾಗ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ರೊಹಾನಾಳ ಕೈ ಕರವಸ್ತ್ರದ ಗಂಟಿದ್ದ ಜೇಬಿಗೆ ಹೋದದ್ದನ್ನು ನಾನು ನೋಡಿದೆ. ಎಲೆನ್ ರಾಶಿಯ ಮುಂದೆ ನಿಂತು, ಸ್ವಲ್ಪ ಹೊತ್ತು ಅದನ್ನೇ ನೋಡಿ, ತಾನೂ ಬೂಟು ಬಿಚ್ಚಿದಳು. ಒಳಗೆ ನಾಲ್ಕು ನಾಲ್ಕು ಜನ ಒಂದೊಂದು ದೊಡ್ಡ ತಟ್ಟೆಯ ಸುತ್ತ ಕೂತಿದ್ದರು. ಬಸ್ ಡ್ರೈವರ್, ಲಾಂಡ್ರಿಯ ಮುದುಕಿ, ಪಂಚೆ ಉಟ್ಟ ನಮ್ಮ ಶಿವಣ್ಣ, ಒಬ್ಬ ಪ್ರೊಫೆಸರ್. ಎಲ್ಲರ ಕೈಯೂ ಅನ್ನದಲ್ಲಿ.

ಎಲೆನ್ ಹತ್ತಿರದಲ್ಲಿದ್ದ ಡಾಕ್ಟರ್ ಪ್ರಭಾಕರರನ್ನು ಕೇಳಿದಳು: "ನೀವೂ ಈ ಕ್ಲಬ್ಬಿಗೆ ಸೇರಿದವರಾ?"

ಇದಕ್ಕೆ ನಾನು ಅವರಿಗೆ ಏನೂ ಹೇಳಿಕೊಟ್ಟಿರಲಿಲ್ಲ.

ಡಾಕ್ಟರ್ ಬಾಯಿ ಒರೆಸಿಕೊಂಡು ಬಾಗಿಲ ಕಡೆ ತೋರಿಸಿದರು. "ಇಲ್ಲ ಮೇಡಮ್. ನಾವು ಆ ಕಡೆಯ ಬೋರ್ಡಿನವರು. ಇವತ್ತು ಇವರ ಮನೆಗೆ ಬಂದಿದ್ದೀವಿ. ಮುಂದಿನ ವರ್ಷವೂ ಬರ್ತೀವಿ."

ಶಿವಣ್ಣ ಪಕ್ಕಕ್ಕೆ ಸರಿದು ಜಾಗ ಬಿಟ್ಟರು, ಎಲೆನ್ ಕೂತು ಉಂಡಳು. ಅವಳು ಏಳುವ ಸೂಚನೆ ಕಂಡ ಕೂಡಲೇ ನಾನು ಹಾಫಿಜ್‌ನನ್ನು ಕರೆದು ಕಿವಿಯಲ್ಲಿ ಹೇಳಿದೆ: "ಪೊಟ್ಟಣ ಎರಡು ಕಟ್ಟು. ದೊಡ್ಡದು. ಒಂದೊಂದು ಕೈಗೆ ಒಂದೊಂದು ಕೊಡು."

ಅವನು ರೆಂದಾಂಗ್ ಬಲಗೈಗೆ ಕೊಟ್ಟ, ಡಾಕ್ಟರರ ಹೆಂಡತಿ ಚಿತ್ರಾನ್ನವನ್ನು ಎಡಗೈಗೆ ಇಟ್ಟು ಮೇಲೆ ಎಳ್ಳು ಬೆಲ್ಲದ ಪೊಟ್ಟಣವನ್ನೂ ಏರಿಸಿದರು. ಎಲೆನ್ ರಾಶಿಯಲ್ಲಿ ತನ್ನ ಬೂಟುಗಳನ್ನು ಹುಡುಕಿ ಹೇಗೋ ಕಾಲು ತೂರಿಸಿದಳು. ರೊಹಾನಾ, ಕೊಟ್ಟ ಮಾತಿಗೆ ತಪ್ಪದ ಹುಡುಗಿ, ಅವಳ ಮುಂದೆ ಹೋಗಿ ಕರವಸ್ತ್ರ ಬಿಚ್ಚಿ ಬೀಗದ ಕೈಯನ್ನು ಅಂಗೈಯಲ್ಲಿ ಹಿಡಿದು ನಿಂತಳು.

ಎಲೆನ್ ಬೀಗದ ಕೈ ನೋಡಿದಳು. ತನ್ನ ಎರಡು ಕೈಗಳನ್ನೂ ನೋಡಿಕೊಂಡಳು.

"ಅದನ್ನ ನಾನು ಎಲ್ಲಿ ಹಿಡ್ಕೊಳ್ಳಲಿ? ನಿನ್ನ ಹತ್ರಾನೇ ಇರಲಿ" ಎಂದಳು. "ಈಗ ಯಾರಾದ್ರೂ ಬಾಗಿಲು ತೆಗೀತೀರಾ?"

ವೆಂಡೆಲ್ ತಟ್ಟೆ ಹಿಡಿದುಕೊಂಡೇ ಓಡಿಹೋಗಿ ಬಾಗಿಲು ತೆಗೆದ.